ಹದಿಮೂರನೆಯ ಪುಟದ ಹೂಜಿ

ಮನಾಮಾ, ಗುದೈಬಿಯಾದ ನನ್ನ ಜೆರಾಕ್ಸ್ ಅಂಗಡಿಯಲ್ಲಿ
ಕಾಗದದ ಕಟ್ಟುಗಳ ಹಿಂದೆ ಒಂದು ಹಲಗೆ.
ಅದರ ಮೇಲೆ ಇಪ್ಪತ್ತಾರು ಕನ್ನಡ ಪುಸ್ತಕಗಳು,
ಎಲ್ಲವೂ ತೆಳ್ಳಗೆ, ಎಲ್ಲವೂ ವಿಜ್ಞಾನ:
ಇರುವೆ, ಅಯಸ್ಕಾಂತ, ಚಂದ್ರನ ಕಲೆ, ಹುಳುಕು ಹಲ್ಲು.
ಮಂಗಳೂರಿನ ತಕ್ಕಡಿ ಮೂವತ್ತು ಕಿಲೋ ದಾಟಿದಾಗ
ಕುಚ್ಚಲಕ್ಕಿ ಕೆಳಗಿಳಿಸಿ ಇವನ್ನು ಹತ್ತಿಸಿದ್ದೆ;
ಹೆಂಡತಿ ಮೂರು ದಿನ ಮಾತಾಡಲಿಲ್ಲ.

ಬಾಡಿಗೆ ಇಲ್ಲ. ಷರತ್ತು ಒಂದೇ:
ಪುಟ ಮಡಚಬಾರದು. ಪೆನ್ಸಿಲಿನಲ್ಲಿ ಬರೆಯಬಹುದು.

ಅಫ್ರಾ, ಆರನೇ ಕ್ಲಾಸು,
ಕನ್ನಡವನ್ನು ಬೆರಳಿಟ್ಟು ಓದುತ್ತಾಳೆ,
ಒತ್ತಕ್ಷರ ಬಂದಲ್ಲಿ ರಸ್ತೆಯುಬ್ಬು ದಾಟಿದ ಹಾಗೆ ನಿಧಾನ.
"ಬಾ-ಷ್ಪೀ-ಕ-ರಣ" ಎಂದು ತಡವರಿಸುತ್ತಿದ್ದಾಗಲೇ
ಏಣಿ ಹೊತ್ತು ಒಳಬಂದ ವಾಮನ ಕುಲಾಲ್,
ನನ್ನ ಏಸಿಯ ಹೊಟ್ಟೆ ಬಗೆದು ತೊಳೆಯಲು.
ಹದಿಮೂರನೆಯ ಪುಟ. ಹೂಜಿಯ ಚಿತ್ರ.
'ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆರುತ್ತದೆ,
ಆರುವಾಗ ಶಾಖವನ್ನು ಹೊತ್ತೊಯ್ಯುತ್ತದೆ.'
ಸ್ಕ್ರೂಡ್ರೈವರ್ ಕಚ್ಚಿಕೊಂಡೇ ವಾಮನ ನಕ್ಕ:
"ನಮ್ಮ ಅಜ್ಜ ತಿಗರಿ ತಿರುಗಿಸಿದ್ದೂ ತಂಪಿಗೆ,
ನಾನು ಗ್ಯಾಸು ತುಂಬುವುದೂ ತಂಪಿಗೆ.
ಕಸುಬು ಬಿಟ್ಟೆ ಅಂತ ಇಷ್ಟು ದಿನ ತಿಳಿದಿದ್ದೆ ಮಾರಾಯ್ರೆ."

ಶುಕ್ರವಾರ ಆಲಿಗೆ ಹೋದ, ಕುಂಬಾರರ ಊರಿಗೆ.
ಬಣ್ಣ ಬಳಿದದ್ದು ಬೇಡ, ಮೆರುಗು ಕೊಟ್ಟದ್ದು ಬೇಡ,
ಗೆಣ್ಣಿನಿಂದ ತಟ್ಟಿ, ಕಿವಿಗಿಟ್ಟು,
ಹನ್ನೆರಡನೆಯದಕ್ಕೆ ಹೂಂ ಅಂದ.
ಅಲ್ಲಿಯ ಮುದುಕ ಅರಬಿಯಲ್ಲಿ ಏನೋ ಕೇಳಿದ;
ಇವನು ಎರಡೂ ಕೈಗಳನ್ನು ಗಾಳಿಯಲ್ಲಿ ಬಾಗಿಸಿದ,
ಇಲ್ಲದ ಜೇಡಿ ಮೇಲಕ್ಕೆದ್ದಿತು.
ಅರ್ಧ ದಿನಾರ್ ಕಡಿಮೆಯಾಯಿತು.

ಜೂನ್. ಶಮಾಲ್ ಗಾಳಿ, ತಾರಸಿಯ ಮೇಲೆ ಹೂಜಿ.
ಹೊರಗೆ ನಲವತ್ತೊಂದು, ಒಳಗೆ ಇಪ್ಪತ್ತೆಂಟು.
ಅಫ್ರಾ ಥರ್ಮಾಮೀಟರನ್ನು ಮೂರು ಸಲ ಒರೆಸಿ ನೋಡಿದಳು,
ಎಲ್ಲಿ ಸುಳ್ಳು ಹೇಳಿಬಿಡುತ್ತದೋ ಎಂಬಂತೆ.
ಆಮೇಲೆ ಪುಸ್ತಕಕ್ಕೆ ಒಂದು ರೈಟ್ ಮಾರ್ಕು ಹಾಕಿದಳು,
ಟೀಚರು ಹಾಕುವಷ್ಟೇ ದೊಡ್ಡದು.

ಆಗಸ್ಟ್. ಕಡಲು ಎದ್ದು ಬಂದು ಬೀದಿಯಲ್ಲೇ ನಿಂತಿದೆ.
ಅಂಗಡಿಯ ಬಾಗಿಲು ದಾಟಿದವರ ಕನ್ನಡಕ ಕುರುಡು.
ಅದೇ ಹೂಜಿ, ಅದೇ ತಾರಸಿ, ಅದೇ ನೀರು.
ಹೊರಗೆ ಮೂವತ್ತೈದು, ಒಳಗೆ ಮೂವತ್ತಮೂರು.
"ಹಾಳಾಯ್ತಾ ಅಂಕಲ್?"
ವಾಮನ ತಳ ಸವರಿದ. ಒದ್ದೆ. ಬಿರುಕಿಲ್ಲ.
"ಮಡಕೆಯ ತಪ್ಪಲ್ಲ ಮಗಾ, ಗಾಳಿಯ ಹೊಟ್ಟೆ ತುಂಬಿದೆ.
ಉಂಡು ತೇಗಿದವನ ಎಲೆಗೆ ಮತ್ತೆ ಬಡಿಸಿದರೆ?"
"ಹಾಗಾದರೆ ಪುಸ್ತಕ ಸುಳ್ಳಾ?"
"ಸುಳ್ಳಲ್ಲ. ಎಲ್ಲೋ ಒಣ ಊರಿನಲ್ಲಿ ಕೂತು ಬರೆದದ್ದು."

ಅವನೇ ಪುಟ ತಿರುಗಿಸಿದ. ಹದಿನಾಲ್ಕು.
'ನಮ್ಮ ದೇಹವೂ ಒಂದು ಹೂಜಿ. ಬೆವರು ಆರಿದರೆ ತಂಪು.'
ಬೆವರು ಎಂಬಲ್ಲಿ ಬೆರಳು ನಿಂತಿತು.
ಅಲ್ಲಿ ಒತ್ತಕ್ಷರ ಇರಲಿಲ್ಲ.

ಸಿತ್ರಾದ ಒಂದು ಛಾವಣಿ. ಇಂಥದೇ ತಿಂಗಳು, ಹೊತ್ತು ಮುಳುಗಿದ ಮೇಲೆ.
ಜೊತೆಗಿದ್ದ ರಾಮ್‌ಬಿಲಾಸ್‌ನ ಅಂಗಿ ಹಿಂಡಿದರೆ ಲೋಟ ತುಂಬುತ್ತಿತ್ತು,
ಆದರೂ ಮೈ ಕಾದ ಕಾವಲಿ.
ಕಂಡೆನ್ಸರಿನ ಪಕ್ಕ ಕೂತ, ಹಾಗೇ ವಾಲಿದ.
"ನೀರು ಕುಡಿದಿರಲಿಲ್ಲ ಅಂತ ಬರೆದುಕೊಂಡರು," ವಾಮನ ಅಂದ,
"ಕುಡಿದಿದ್ದ. ಬಾಟಲಿ ತುಂಬಿಸಿ ಕೊಟ್ಟವನು ನಾನು."

ಅಫ್ರಾ ಯಾರನ್ನೂ ನೋಡಲಿಲ್ಲ.
ಪೆನ್ಸಿಲಿಗೆ ಮೊನೆ ಮಾಡಿ, ಅಂಚಿನಲ್ಲಿ, ಇಕ್ಕಟ್ಟಾಗಿ:
'ಗಾಳಿ ಒಣಗಿದ್ದರೆ ಮಾತ್ರ.
ಆಗಸ್ಟಿನಲ್ಲಿ ಇಲ್ಲ. ನಾವು ಅಳೆದಿದ್ದೇವೆ.'
ನಾವು ಎಂಬುದರ ಕೆಳಗೆ ಒಂದು ಗೆರೆ.

ಪುಸ್ತಕ ಈಗ ಮುಹರ್ರಕ್‌ನ ಒಬ್ಬ ಹುಡುಗನ ಹತ್ತಿರ.
ಹದಿನೆಂಟು ದಿನವಾಯಿತು. ನಾನು ಕೇಳಿಲ್ಲ.
ಹೂಜಿ ಅಂಗಡಿಯ ಮೂಲೆಯಲ್ಲಿದೆ,
ತಳದ ಸುತ್ತ ಒಂದು ಒದ್ದೆ ವೃತ್ತ.
ಕಾಪಿ ಕೆಟ್ಟ ಹಾಳೆಗಳನ್ನು ಅದರಡಿ ಹಾಸಿದ್ದೇನೆ.